ಮೊರೇರು ಮೂರಡಿ ಕುಳ್ಳರೇ? ಘಟೋತ್ಕಚನ ಎಲುಬು ಎಲ್ಲಿದೆ? ಕಥೆಯ ಜೀವಿಗಳು ‘ಪುರಾವೆ’ಯಾಗುವುದು ಹೇಗೆ

ನವಲಿ, ಕನಕಗಿರಿ, ಗಂಗಾವತಿ ಕಡೆಯವರು ಈ ಮಾತನ್ನು ಕೇಳಿಯೇ ಇರುತ್ತೀರಿ: ಹಿರೇಬೆಣಕಲ್ ಗುಡ್ಡದ ಮೇಲಿನ ಕಲ್ಲುಮನೆಗಳನ್ನು ಕಟ್ಟಿದವರು ಮೊರೇರು. ಅವರು ಮೂರಡಿ ಎತ್ತರದ ಜನ, ಆದರೆ ಬಂಡೆಯನ್ನೇ ಎತ್ತುವಷ್ಟು ಬಲಶಾಲಿಗಳು. ಇನ್ನೊಂದು ಚಿತ್ರವೂ ನಿಮ್ಮ ಮೊಬೈಲಿಗೆ ಒಮ್ಮೆಯಾದರೂ ಬಂದಿರುತ್ತದೆ: ದೊಡ್ಡ ಗುಂಡಿಯಲ್ಲಿ ಮಲಗಿದ ಭಾರೀ ಅಸ್ಥಿಪಂಜರ, ಅದರ ಪಕ್ಕ ಇರುವೆಯಂತೆ ಕಾಣುವ ಮನುಷ್ಯರು, ಕೆಳಗೆ ‘ಘಟೋತ್ಕಚನ ಅಸ್ಥಿಪಂಜರ ಪತ್ತೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು.

ಒಂದು ಕುಳ್ಳರ ಕಥೆ, ಇನ್ನೊಂದು ದೈತ್ಯನ ಕಥೆ. ಎರಡೂ ಒಂದೇ ಬಗೆಯವು ಎಂದು ಅನ್ನಿಸಬಹುದು. ಆದರೆ ಒಂದು ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ, ಇನ್ನೊಂದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಇವೆರಡರ ವ್ಯತ್ಯಾಸ ತಿಳಿಯದೆ ಹೋದರೆ ಹಾಳಾಗುವುದು ನಮ್ಮದೇ ಗುಡ್ಡ.

ಚುಟುಕಾಗಿ ಹೇಳುವುದಾದರೆ

- ಹಿರೇಬೆಣಕಲ್‌ನ ಕಲ್ಲುಮನೆಗಳು ವಾಸದ ಮನೆಗಳಲ್ಲ. ಸತ್ತವರ ನೆನಪಿಗೆ ನಮ್ಮಷ್ಟೇ ಎತ್ತರದ ಮನುಷ್ಯರು ಕಟ್ಟಿದ ಗೋರಿಗಳು.
- ‘ಘಟೋತ್ಕಚನ ಅಸ್ಥಿಪಂಜರ’ದ ಚಿತ್ರ 2002ರಲ್ಲಿ ಒಂದು ಸ್ಪರ್ಧೆಗಾಗಿ ತಯಾರಿಸಿದ್ದು.
- ಕಥೆಯನ್ನು ಕಥೆಯಾಗಿ ಹೇಳುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಪುರಾವೆ ಎಂದು ಕಳಿಸಿದಾಗ ತೊಂದರೆ ಶುರುವಾಗುತ್ತದೆ.

ಮೊರೇರ ಗುಡ್ಡದಲ್ಲಿ ಏನಿದೆ?

ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಇದೆ. ಊರಿನ ಬಳಿಯ ಬಂಡೆಗುಡ್ಡ ಹತ್ತಿದರೆ ನೂರಾರು ಕಲ್ಲಿನ ರಚನೆಗಳು ಕಾಣುತ್ತವೆ. ಮೂರು ನಾಲ್ಕು ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ್ದಾರೆ. ಹಲವು ಗೋಡೆಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಹತ್ತಿರದ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಎತ್ತರದ ಬಂಡೆಯೊಂದರ ಮೇಲೆ ನಗಾರಿಯಾಕಾರದ ಕಲ್ಲಿದೆ. ಅದನ್ನು ಬಡಿದರೆ ಸದ್ದು ದೂರದವರೆಗೆ ಕೇಳಿಸುತ್ತದೆ.

ಇವು ಕಬ್ಬಿಣ ಬಳಕೆಗೆ ಬಂದ ಕಾಲದವು. ಇತಿಹಾಸಕಾರರು ಈ ಕಾಲವನ್ನು ಬೃಹತ್ ಶಿಲಾಯುಗ ಎನ್ನುತ್ತಾರೆ. ಈ ನೆಲೆಯ ಕಾಲ ಸುಮಾರು ಕ್ರಿ.ಪೂ. 800ರಿಂದ ಕ್ರಿ.ಪೂ. 200 ಎಂದು ಅಂದಾಜಿಸಿದ್ದಾರೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಂದರೆ ಅದು ಇನ್ನೂ ವಿಶ್ವ ಪರಂಪರೆಯ ತಾಣವಾಗಿಲ್ಲ, ಆಗುವ ಅರ್ಹತೆ ಇದೆ ಎಂದು ಭಾರತ ಹೆಸರು ಕೊಟ್ಟಿದೆ. ‘ಯುನೆಸ್ಕೊ ಪ್ರಶಸ್ತಿ ಬಂತು’ ಎಂಬ ಮೆಸೇಜು ಬಂದರೆ ಈ ವ್ಯತ್ಯಾಸ ನೆನಪಿರಲಿ.

ಕುಳ್ಳರು ಎಂಬ ಮಾತು ಎಲ್ಲಿಂದ ಬಂತು?

ಕಿಂಡಿಯಿಂದ. ಬೇಕಾದರೆ ನೀವೇ ಗುಡ್ಡ ಹತ್ತಿ ಒಮ್ಮೆ ನೋಡಿ. ನಾಲ್ಕು ಗೋಡೆ, ಮಾಡು, ಒಂದು ಬಾಗಿಲು ಇದ್ದರೆ ನೋಡಿದವರಿಗೆ ಅದು ಮನೆಯಂತೆಯೇ ಕಾಣುತ್ತದೆ. ಆದರೆ ಬಾಗಿಲಲ್ಲಿ ನಿಂತು ಹೋಗಲು ಆಗುವುದಿಲ್ಲ, ತೆವಳಿಕೊಂಡೇ ನುಗ್ಗಬೇಕು. ಬಾಗಿಲು ಇಷ್ಟು ಚಿಕ್ಕದಾದರೆ ಮನೆಯವರೂ ಚಿಕ್ಕವರೇ ಇರಬೇಕು. ಇಷ್ಟು ದೊಡ್ಡ ಚಪ್ಪಡಿ ಎತ್ತಿದ್ದಾರೆ ಎಂದರೆ ಬಲ ಮಾತ್ರ ವಿಪರೀತ ಇದ್ದಿರಬೇಕು. ಹೀಗೆ ‘ಮೂರಡಿಯ ಬಲಶಾಲಿ’ ಹುಟ್ಟಿಕೊಂಡ.

ಇದು ದಡ್ಡತನವಲ್ಲ. ಕಣ್ಣೆದುರಿನ ವಸ್ತುವನ್ನು ಅಳೆದು, ಅದನ್ನು ಮಾಡಿದವರು ಹೇಗಿದ್ದರು ಎಂದು ಊಹಿಸುವ ಪ್ರಯತ್ನ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಈ ಭಾಗದ ಕಲ್ಲುಗೋರಿಗಳ ಬಗ್ಗೆ ಬರೆದರು. ಮೊರೇರ ಮಾತು ಆಗಲೂ ಜನರ ಬಾಯಲ್ಲಿತ್ತು. ಬೇರೆ ಕಡೆ ಇಂಥದೇ ಗೋರಿಗಳಿಗೆ ಬೇರೆ ಒಡೆಯರು ಸಿಕ್ಕಿದ್ದಾರೆ. ಕೊಡಗಿನಲ್ಲಿ ಪಾಂಡವರ ಹೆಸರು ಹೇಳುತ್ತಾರೆ. ಕೇರಳದ ಮರಯೂರಿನಲ್ಲಿ ಇವನ್ನು ಮುನಿಗಳ ಕೋಣೆ ಎನ್ನುತ್ತಾರೆ. ಎಲ್ಲೆಡೆ ಪ್ರಶ್ನೆ ಮಾತ್ರ ಒಂದೇ: ‘ಇದನ್ನು ಕಟ್ಟಿದವರು ಯಾರು?’

ಹಾಗಾದರೆ ಕಿಂಡಿ ಯಾಕೆ ಚಿಕ್ಕದು?

ಅದು ಮನೆಯ ಬಾಗಿಲಲ್ಲ, ಗೋರಿಯ ಕಿಂಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ನೆಲದೊಳಗೆ ಕಟ್ಟಿದ ಕಿಂಡಿಯ ಕಲ್ಲುಕೋಣೆಗಳಲ್ಲಿ ಮನುಷ್ಯರ ಎಲುಬು, ಮಡಕೆ, ಕಬ್ಬಿಣದ ವಸ್ತುಗಳು ಸಿಕ್ಕವು. ಒಂದೇ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಎಲುಬುಗಳಿದ್ದವು. ಸತ್ತವರ ದೇಹ ಕೊಳೆತ ಮೇಲೆ ಉಳಿದ ಎಲುಬುಗಳನ್ನು ಆಯ್ದು ತಂದು ಇಡುವ ಪದ್ಧತಿ ಆಗ ಇತ್ತು. ಮುಂದೆ ಮತ್ತೊಬ್ಬರು ಸತ್ತಾಗ ಗೋರಿಯನ್ನು ಬಿಚ್ಚದೆ ಒಳಗೆ ಇಡಲು ಒಂದು ದಾರಿ ಬೇಕು. ಆ ದಾರಿಯೇ ಕಿಂಡಿ.

ಇನ್ನೂ ಎರಡು ಸಂಗತಿ ಗಮನಿಸಿ. ಒಂದು, ಬೃಹತ್ ಶಿಲಾ ಸಮಾಧಿಗಳಲ್ಲಿ ಸಿಕ್ಕ ಎಲುಬುಗಳನ್ನು ತಜ್ಞರು ಅಳೆದು ನೋಡಿದ್ದಾರೆ. ಅವು ನಮ್ಮ ನಿಮ್ಮಂಥ ಎತ್ತರದ ಜನರವು. ಎರಡು, ಹಿರೇಬೆಣಕಲ್‌ನ ದೊಡ್ಡ ಗೋರಿಗಳ ಮಾಡು ನಿಂತ ಆಳಿನ ತಲೆಗಿಂತ ಮೇಲಿದೆ. ಮೂರಡಿಯವರು ವಾಸಕ್ಕೆ ಮನೆ ಕಟ್ಟಿಕೊಂಡಿದ್ದರೆ ಇಷ್ಟು ಎತ್ತರದ ಮಾಡು ಏಕೆ ಬೇಕಿತ್ತು? ಕಥೆ ಕಿಂಡಿಯನ್ನು ಮಾತ್ರ ಅಳೆಯಿತು, ಮಾಡನ್ನು ಅಳೆಯಲಿಲ್ಲ.

ಅಷ್ಟು ಭಾರದ ಕಲ್ಲು ಎತ್ತಿದ್ದು ಹೇಗೆ?

ಈ ಸೀಮೆಯ ಕಣಶಿಲೆ ಬಿಸಿಲು ಚಳಿಗೆ ಪದರ ಪದರವಾಗಿ ಬಿಡುತ್ತದೆ. ಬೆಂಕಿ ಹಾಕಿ ಕಾಯಿಸಿ, ಸೀಳಿನಲ್ಲಿ ಬೆಣೆ ಹೊಡೆದರೆ ಚಪ್ಪಡಿ ಏಳುತ್ತದೆ. ಹಿರೇಬೆಣಕಲ್ ಗುಡ್ಡದ ಮೇಲೆಯೇ ಹಳೆಯ ಕಲ್ಲು ಗಣಿಯ ಗುರುತುಗಳಿವೆ, ಅಂದರೆ ಕಲ್ಲನ್ನು ಕೆಳಗಿನಿಂದ ಹೊತ್ತು ತರಬೇಕಿರಲಿಲ್ಲ. ಮುಂದಿನದು ಸನ್ನೆಗೋಲು, ಹಗ್ಗ, ಮಣ್ಣಿನ ಇಳಿಜಾರು ಮತ್ತು ಬಹಳ ಕೈಗಳ ಕೆಲಸ. ನಾಗಾಲ್ಯಾಂಡಿನಲ್ಲಿ ಊರ ಜನರೆಲ್ಲ ಸೇರಿ ಮರದ ಬಂಡಿಗೆ ಭಾರೀ ಕಲ್ಲನ್ನು ಕಟ್ಟಿ ಎಳೆದು ನಿಲ್ಲಿಸುವ ಪದ್ಧತಿ ಇತ್ತೀಚಿನವರೆಗೂ ನಡೆದು ಬಂದಿದೆ. ಯಂತ್ರವೂ ಇಲ್ಲ, ಅತಿಮಾನುಷ ಬಲವೂ ಇಲ್ಲ. ಬೇಕಾದದ್ದು ಒಗ್ಗಟ್ಟು. ಕಥೆಯ ಮೊರೇರಿಗೆ ಕೊಟ್ಟ ಶ್ರೇಯಸ್ಸು ನಿಜವಾಗಿ ಸಲ್ಲಬೇಕಾದದ್ದು ಈ ಮಣ್ಣಿನ ಹಳೆಯ ಜನರಿಗೆ.

ಮೊರೇರು ಅಂದರೆ ಮೌರ್ಯರೇ?

ಹೆಸರು ಕೇಳಿದರೆ ಹಾಗೆ ಅನ್ನಿಸುತ್ತದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ, ಪಕ್ಕದ ಮಸ್ಕಿಯಲ್ಲಿ ಅಶೋಕನ ಶಾಸನಗಳೂ ಇವೆ. ಆದರೆ ಕಾಲದ ಲೆಕ್ಕ ಕೂಡುವುದಿಲ್ಲ. ಅಶೋಕ ಆಳಿದ್ದು ಕ್ರಿ.ಪೂ. ಮೂರನೇ ಶತಮಾನದಲ್ಲಿ. ಇಲ್ಲಿ ಗೋರಿ ಕಟ್ಟುವ ಪದ್ಧತಿ ಅದಕ್ಕಿಂತ ನೂರಾರು ವರ್ಷ ಮೊದಲೇ ಶುರುವಾಗಿತ್ತು. ಎರಡು ಹೆಸರು ಒಂದೇ ರೀತಿ ಕೇಳಿಸಿದರೆ ಹುಡುಕಲು ಒಂದು ಸುಳಿವು ಸಿಕ್ಕಿತು ಎನ್ನಬಹುದು, ಉತ್ತರ ಸಿಕ್ಕಿತು ಎನ್ನಲಾಗದು.

ಹೊಳೆಯ ಆಚೆ ದಂಡೆಯಲ್ಲಿ ದೈತ್ಯ

ತುಂಗಭದ್ರೆ ದಾಟಿದರೆ ಕಥೆಯ ಅಳತೆ ತಿರುವುಮುರುವಾಗುತ್ತದೆ. ಹಂಪಿ ಬಳಿಯ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬವಿದೆ. ಅದು ವಾಲಿಯನ್ನು ಸುಟ್ಟ ಜಾಗ ಎಂಬುದು ಜನರ ನಂಬಿಕೆ. ಬಳ್ಳಾರಿ ಸೀಮೆಯ ಕುಡತಿನಿ ಮುಂತಾದ ಕಡೆಯೂ ದೊಡ್ಡ ಬೂದಿ ದಿಬ್ಬಗಳಿವೆ, ಇಂಥವುಗಳ ಬಗ್ಗೆ ರಾಕ್ಷಸರ ಕಥೆಗಳಿವೆ. ಕಿಂಡಿ ಚಿಕ್ಕದಾದ್ದರಿಂದ ಕುಳ್ಳರು ಹುಟ್ಟಿದಂತೆ, ಬೂದಿಯ ರಾಶಿ ಗುಡ್ಡದಷ್ಟಿದ್ದುದರಿಂದ ದೈತ್ಯರು ಹುಟ್ಟಿದರು.

ಪುರಾತತ್ವಜ್ಞರು ಈ ದಿಬ್ಬಗಳನ್ನೂ ಅಗೆದು ನೋಡಿದ್ದಾರೆ. 1957ರಲ್ಲಿ ಎಫ್.ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನದ ದೊಡ್ಡಿಯ ಬೇಲಿಯ ಗುರುತು, ಬೂದಿಯ ಪದರದಲ್ಲಿ ಗೊರಸಿನ ಅಚ್ಚು ಸಿಕ್ಕವು. ನಂತರ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನ ದನಗಾಹಿಗಳ ಬದುಕನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟಿದ್ದರಿಂದ ಆದ ದಿಬ್ಬಗಳು ಇವು.

ಸಿಡ್ನಿಯಲ್ಲಿ ಬನ್ಯಿಪ್ ತಲೆಬುರುಡೆ

ವಸ್ತುವನ್ನು ನೋಡಿ ಜೀವಿಯನ್ನು ಊಹಿಸುವುದು ನಮ್ಮಲ್ಲಿ ಮಾತ್ರವೇ? ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಕಥೆಗಳಲ್ಲಿ ಬನ್ಯಿಪ್ ಎಂಬ ಜೀವಿ ಬರುತ್ತದೆ. ಜೌಗು, ಮಡು, ಕೆರೆಗಳಲ್ಲಿ ಅದರ ವಾಸ. ರಾತ್ರಿ ಭಯಂಕರವಾಗಿ ಕೂಗುತ್ತದೆ, ನೀರಿನ ಹತ್ತಿರ ಬಂದವರನ್ನು ಎಳೆದೊಯ್ಯುತ್ತದೆ. ನಮ್ಮ ಮನೆಗಳಲ್ಲಿ ‘ಬಾವಿ ಹತ್ತಿರ ಹೋಗಬೇಡ, ಗುಮ್ಮ ಇದೆ’ ಎಂದು ಮಕ್ಕಳಿಗೆ ಹೇಳುವುದಿಲ್ಲವೇ? ಬನ್ಯಿಪ್ ಕಥೆಯೂ ಮಕ್ಕಳನ್ನು ಆಳದ ನೀರಿನಿಂದ ದೂರ ಇಡುತ್ತಿತ್ತು.

1846ರಲ್ಲಿ ಅಲ್ಲಿನ ಮರಂಬಿಜಿ ನದಿಯ ದಂಡೆಯಲ್ಲಿ ವಿಚಿತ್ರ ಆಕಾರದ ಒಂದು ತಲೆಬುರುಡೆ ಸಿಕ್ಕಿತು. ಮರುವರ್ಷ ಅದನ್ನು ಬನ್ಯಿಪ್‌ನ ತಲೆಬುರುಡೆ ಎಂದು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟರು. ನೋಡಲು ಜನ ಮುಗಿಬಿದ್ದರು. ಆ ಹೊತ್ತಿಗೆ ‘ನಾನೂ ರಾತ್ರಿ ಜೌಗಿನಿಂದ ವಿಚಿತ್ರ ಕೂಗು ಕೇಳಿದ್ದೆ’ ಎನ್ನುವವರೂ ಹೆಚ್ಚಿದರು. ಹೆಸರೊಂದು ಸಿಕ್ಕಿತೆಂದರೆ ಹಳೆಯ ನೆನಪುಗಳೆಲ್ಲ ಅದಕ್ಕೆ ತಕ್ಕಂತೆ ರೂಪ ತಾಳುತ್ತವೆ. ಇಂದಿನ ವದಂತಿಗಳಲ್ಲೂ ಆಗುವುದು ಇದೇ.

ಆದರೆ ಮುಂದೆ ಏನಾಯಿತು ನೋಡಿ. ಬುರುಡೆ ಎಲ್ಲರ ಎದುರು ಇತ್ತು. ಪ್ರಾಣಿಶಾಸ್ತ್ರ ಬಲ್ಲವರು ಪರೀಕ್ಷಿಸಿದರು. ಅದು ಅಂಗವಿಕಲವಾಗಿ ಬೆಳೆದ ಕುದುರೆ ಮರಿ ಅಥವಾ ಕರುವಿನ ಬುರುಡೆ ಎಂದು ಗೊತ್ತಾಯಿತು. ವಸ್ತು ಕೈಗೆ ಸಿಗುವಂತಿತ್ತು, ಅದಕ್ಕೇ ಸುಳ್ಳು ಬಯಲಾಯಿತು.

ಹಾಗೆಂದು ಬನ್ಯಿಪ್ ಕಥೆ ಬೆಲೆಯಿಲ್ಲದ್ದಾಯಿತೇ? ಇಲ್ಲ. ಆಸ್ಟ್ರೇಲಿಯಾದಲ್ಲಿ ಹಿಂದೆ ಡಿಪ್ರೊಟೊಡಾನ್ ಎಂಬ, ಘೇಂಡಾಮೃಗದ ಗಾತ್ರದ ಚೀಲಹೊಟ್ಟೆಯ ಪ್ರಾಣಿ ಬದುಕಿತ್ತು. ಅದರ ಪಳೆಯುಳಿಕೆಗಳಿಗೂ ಬನ್ಯಿಪ್ ಕಥೆಗೂ ನಂಟಿರಬಹುದು ಎಂಬ ಊಹೆಯನ್ನು 1871ರಲ್ಲೇ ಜಾರ್ಜ್ ಬೆನೆಟ್ ಮುಂದಿಟ್ಟರು. ಇದು ಇನ್ನೂ ಊಹೆಯೇ. ಆದರೆ ಕಥೆಗಳನ್ನು ಗೌರವದಿಂದ ಕೇಳಿ, ಎಚ್ಚರದಿಂದ ಪರೀಕ್ಷಿಸುವುದು ಹೇಗೆ ಎಂಬುದಕ್ಕೆ ಒಳ್ಳೆಯ ಉದಾಹರಣೆ.

ಘಟೋತ್ಕಚನ ಎಲುಬು ಯಾವ ಮ್ಯೂಸಿಯಂನಲ್ಲಿದೆ?

ಎಲ್ಲೂ ಇಲ್ಲ. ಆ ಚಿತ್ರ ತಯಾರಾದದ್ದು 2002ರಲ್ಲಿ, ಫೋಟೊ ಬದಲಿಸಿ ಮೋಜಿನ ಚಿತ್ರ ಮಾಡುವ ಒಂದು ಆನ್‌ಲೈನ್ ಸ್ಪರ್ಧೆಗಾಗಿ. ಮೂಲ ಫೋಟೊ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನದು. 2000ದಲ್ಲಿ ಅಲ್ಲಿ ಆನೆಯ ದೂರದ ಸಂಬಂಧಿಯಾದ ಮಾಸ್ಟೊಡಾನ್ ಎಂಬ ಪ್ರಾಣಿಯ ಎಲುಬು ಅಗೆಯುತ್ತಿದ್ದರು. ಆ ಗುಂಡಿಯೊಳಗೆ ಕಲಾವಿದ ಮನುಷ್ಯನ ಅಸ್ಥಿಪಂಜರದ ಚಿತ್ರ ಕೂರಿಸಿದ. ಮೋಸ ಮಾಡುವ ಉದ್ದೇಶ ಅವನಿಗೆ ಇರಲಿಲ್ಲ.

ನಂತರ ಈ ಚಿತ್ರ ಊರೂರು ತಿರುಗಿತು. ಅರಬ್ ನಾಡಿನಲ್ಲಿ ಅದು ಆದ್ ಜನಾಂಗದ ದೈತ್ಯನಾಯಿತು. ಭಾರತಕ್ಕೆ ಬಂದು ಭೀಮನ ಮಗ ಘಟೋತ್ಕಚನಾಯಿತು. ಎಲುಬು ಅದೇ, ಗುಂಡಿ ಅದೇ. ಹೋದ ಕಡೆ ಯಾವ ಕಥೆಯ ಮೇಲೆ ಪ್ರೀತಿಯಿದೆಯೋ ಅದರ ಹೆಸರು ಅಂಟಿಕೊಂಡಿತು. ನ್ಯಾಷನಲ್ ಜಿಯಾಗ್ರಫಿಕ್ ತಂಡವೇ ಇದನ್ನು ಪತ್ತೆ ಮಾಡಿತು ಎಂದು ಮೆಸೇಜು ಹೇಳುತ್ತಿತ್ತು. 2007ರಲ್ಲಿ ಆ ಸಂಸ್ಥೆಯೇ ಇದು ಸುಳ್ಳು ಎಂದು ಸ್ಪಷ್ಟಪಡಿಸಿತು.

ಆ ಮೆಸೇಜಿನಲ್ಲಿ ಇನ್ನೊಂದು ಮಾತಿರುತ್ತದೆ: ಸರ್ಕಾರ ಆ ಜಾಗಕ್ಕೆ ಯಾರನ್ನೂ ಬಿಡುತ್ತಿಲ್ಲ. ಇದನ್ನು ಸುಮ್ಮನೆ ಸೇರಿಸಿಲ್ಲ. ‘ಪುರಾವೆ ಎಲ್ಲಿ?’ ಎಂದು ನೀವು ಕೇಳುವ ಮೊದಲೇ ಬಾಯಿ ಮುಚ್ಚಿಸುವ ತಂತ್ರ ಅದು.

ಅಷ್ಟು ದೊಡ್ಡ ಮನುಷ್ಯ ಇರಲು ಸಾಧ್ಯವೇ?

ಸರಳ ಲೆಕ್ಕ ಮಾಡೋಣ. ಆರಡಿ ಎತ್ತರದ, 70 ಕಿಲೋ ತೂಕದ ಒಬ್ಬರನ್ನು ಅದೇ ಆಕಾರದಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದೆವು ಎಂದುಕೊಳ್ಳಿ. ಎತ್ತರ, ಅಗಲ, ದಪ್ಪ ಮೂರೂ ಹತ್ತು ಪಟ್ಟಾದಾಗ ತೂಕ ಸಾವಿರ ಪಟ್ಟಾಗುತ್ತದೆ. ಅಂದರೆ 70,000 ಕಿಲೋ. ಆದರೆ ಕಾಲಿನ ಎಲುಬಿನ ಅಡ್ಡ ಕೊಯ್ತದ ಅಳತೆ ನೂರು ಪಟ್ಟು ಮಾತ್ರ ಹೆಚ್ಚುತ್ತದೆ. ಎಲುಬಿನ ಪ್ರತಿ ಅಂಗುಲದ ಮೇಲೆ ಹತ್ತು ಪಟ್ಟು ಹೊರೆ ಬೀಳುತ್ತದೆ. ನಿಂತಲ್ಲೇ ಎಲುಬು ಮುರಿಯಬಹುದು, ಓಡುವ ಮಾತಂತೂ ದೂರ. ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಆನೆಯ ಕಾಲು ಕಂಬದಂತೆ, ಜಿಂಕೆಯ ಕಾಲು ಕಡ್ಡಿಯಂತೆ ಇರುವುದು ಇದಕ್ಕೇ. ಆ ಫೋಟೊದ ದೈತ್ಯನ ಎಲುಬುಗಳ ಆಕಾರ ಮಾತ್ರ ಥೇಟ್ ನಮ್ಮಂತೆಯೇ ಇದೆ. ಚಿತ್ರವೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಮಹಾಭಾರತದ ಘಟೋತ್ಕಚನಿಗೆ ಈ ಲೆಕ್ಕ ಬೇಕಿಲ್ಲ. ದೊಡ್ಡಾಟದ ಅಟ್ಟದ ಮೇಲೆ ಅವನು ಕುಣಿದು ಬಂದಾಗ ಯಾರೂ ತೂಕ ಕೇಳುವುದಿಲ್ಲ. ಲೆಕ್ಕ ಕೇಳಬೇಕಾದದ್ದು ‘ಎಲುಬು ಸಿಕ್ಕಿದೆ’ ಎಂದವರನ್ನು.

ಪರದೆ ಇದ್ದ ಆಟ, ಪರದೆ ಇಲ್ಲದ ಆಟ

ಕಥೆಯ ಜೀವಿಗಳನ್ನು ಊರಿಂದ ಊರಿಗೆ ಹೊತ್ತು ತೋರಿಸುವುದು ನಮಗೆ ಹೊಸದಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ತೊಗಲುಗೊಂಬೆಯಾಟಕ್ಕೆ. ಆ ಆಟದಲ್ಲಿ ರಾವಣನೂ ಬರುತ್ತಾನೆ, ಹನುಮಂತನೂ ಬರುತ್ತಾನೆ. ಆದರೆ ಎದುರಿಗೆ ಬಿಳಿ ಪರದೆ, ಹಿಂದೆ ದೀಪ ಇರುತ್ತದೆ. ನೋಡುತ್ತಿರುವುದು ಆಟ ಎಂದು ಕೂಸಿಗೂ ಗೊತ್ತು. ಜಾತ್ರೆಯ ಡೇರೆಯಲ್ಲಿ ಹುಡುಗಿಯ ತಲೆ, ಹಾವಿನ ಮೈ ಇರುವ ‘ನಾಗಕನ್ಯೆ’ಯನ್ನು ತೋರಿಸುತ್ತಾರೆ. ಓರೆಯಾಗಿ ನಿಲ್ಲಿಸಿದ ಕನ್ನಡಿಗಳು ಹುಡುಗಿಯ ಮೈಯನ್ನು ಮರೆಮಾಡುತ್ತವೆ, ಅಷ್ಟೇ. ಅಲ್ಲಿಯೂ ಒಂದು ಟಿಕೆಟ್, ಒಂದು ಬಾಗಿಲು ಇದೆ. ಹೊರಗೆ ಬಂದ ಮೇಲೆ ಆಟ ಮುಗಿಯಿತು.

ಮೊಬೈಲಿನಲ್ಲಿ ಪರದೆಯೂ ಇಲ್ಲ, ಡೇರೆಯೂ ಇಲ್ಲ. ಮಾವನ ಶುಭೋದಯ, ಮಳೆಯ ಮುನ್ಸೂಚನೆ, ಮೆಣಸಿನಕಾಯಿ ರೇಟು, ದೈತ್ಯನ ಎಲುಬು, ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಅಕ್ಷರದಲ್ಲಿ ಬರುತ್ತವೆ. ಕಳಿಸಿದವರು ನಮ್ಮವರೇ ಆದ್ದರಿಂದ ಅವರ ಮೇಲಿನ ನಂಬಿಕೆಯೇ ಮೆಸೇಜಿನ ಮೇಲೂ ಹರಿಯುತ್ತದೆ. ಸಂವಹನ ಶಾಸ್ತ್ರ ಓದುವವರು ಮತ್ತೆ ಮತ್ತೆ ಕಾಣುವ ಸಂಗತಿ ಇದು: ಜನ ಸುದ್ದಿಯನ್ನು ಅಳೆಯುವ ಮೊದಲು ಸುದ್ದಿ ತಂದವರನ್ನು ಅಳೆಯುತ್ತಾರೆ.

ಇರಲಿ ಬಿಡಿ, ಇದರಿಂದ ನಷ್ಟ ಏನು?

ನಷ್ಟ ಇದೆ. ‘ಹಳೆಯ ಗೋರಿ’ ಎಂದರೆ ಯಾರೂ ಅಗೆಯಲು ಹೋಗುವುದಿಲ್ಲ. ‘ನಿಗೂಢ ಜನರ ಮನೆ, ಒಳಗೆ ಅವರ ಸಂಪತ್ತು’ ಎಂದರೆ ಕತ್ತಲಲ್ಲಿ ಗುದ್ದಲಿ ಹಿಡಿದವರು ಬರುತ್ತಾರೆ. ನಿಧಿಯಾಸೆಗೆ ನಮ್ಮ ಕಡೆಯ ಎಷ್ಟೋ ಗೋರಿ, ವೀರಗಲ್ಲು, ಗುಡಿಗಳು ಹಾಳಾಗಿವೆ. ಬೃಹತ್ ಶಿಲಾ ಗೋರಿಯಲ್ಲಿ ಸಿಗುವುದು ಎಲುಬು, ಮಡಕೆಯ ಚೂರು, ತುಕ್ಕು ಹಿಡಿದ ಕಬ್ಬಿಣ. ಮಾರಿದರೆ ಕಾಸು ಹುಟ್ಟದು. ಆದರೆ ಆ ಚೂರು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತು ಎಂಬುದರಲ್ಲೇ ಇತಿಹಾಸ ಇರುವುದು. ಒಮ್ಮೆ ಕೆದಕಿದರೆ ಮತ್ತೆ ಜೋಡಿಸಲು ಬರುವುದಿಲ್ಲ. ಮೊರೇರು ನಿಜಕ್ಕೂ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವ ದಾರಿಯೇ ಮುಚ್ಚಿಹೋಗುತ್ತದೆ.

ಕಾನೂನೂ ಇದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೊಲದಲ್ಲಿ ಹಳೆಯ ವಸ್ತು ಸಿಕ್ಕರೆ ತಹಶೀಲ್ದಾರ್ ಕಚೇರಿಗೆ ತಿಳಿಸಿ.

ಫಾರ್ವರ್ಡ್ ಮಾಡುವ ಮೊದಲು ನಾಲ್ಕು ಪ್ರಶ್ನೆ

1. ಎಲುಬು ಅಥವಾ ವಸ್ತು ಈಗ ಎಲ್ಲಿದೆ? ಮ್ಯೂಸಿಯಂ, ವಿಶ್ವವಿದ್ಯಾಲಯ, ಇಲಾಖೆ, ಯಾವುದಾದರೂ ಹೆಸರಿದೆಯೇ?
2. ಊರು, ದಿನಾಂಕ, ಅಗೆದವರ ಹೆಸರು ಇದೆಯೇ? ‘ಉತ್ತರ ಭಾರತದಲ್ಲಿ’ ಎಂಬುದು ವಿಳಾಸವಲ್ಲ.
3. ಚಿತ್ರ ಎಲ್ಲಿಯದು? ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಹಳೆಯ ಚಿತ್ರವಾದರೆ ಹಲವು ಸಲ ಮೂಲ ಸಿಕ್ಕಿಬಿಡುತ್ತದೆ.
4. ‘ಸರ್ಕಾರ ಮುಚ್ಚಿಟ್ಟಿದೆ’ ಎಂಬ ಮಾತಿದೆಯೇ? ಇದ್ದರೆ ಅಲ್ಲೇ ನಿಲ್ಲಿ.

ಮೊರೇರ ಕಥೆಯನ್ನು ಮಕ್ಕಳಿಗೆ ಖಂಡಿತ ಹೇಳಿ. ಹೇಳುವಾಗ ‘ಹಿಂದಿನವರು ಹೀಗೆ ಹೇಳುತ್ತಿದ್ದರು’ ಎಂದು ಶುರುಮಾಡಿ, ‘ಅಗೆದು ನೋಡಿದವರಿಗೆ ಹೀಗೆ ಕಂಡಿತು’ ಎಂದು ಮುಗಿಸಿ. ನಿಮ್ಮ ಗ್ರೂಪಿಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ ಈ ಸಾಲುಗಳನ್ನು ಕಳಿಸಬಹುದು:

*‘ಹಿರೇಬೆಣಕಲ್ ಗುಡ್ಡದ ಕಲ್ಲುಮನೆಗಳನ್ನು ಕಟ್ಟಿದವರು ಮೂರಡಿ ಕುಳ್ಳರಲ್ಲ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮಂಥ ಜನರೇ ತಮ್ಮ ಸತ್ತವರಿಗಾಗಿ ಕಟ್ಟಿದ ಗೋರಿಗಳಿವು. ಒಳಗೆ ನಿಧಿ ಇಲ್ಲ. ನೋಡಲು ಹೋಗಿ, ಕಲ್ಲು ಕದಲಿಸಬೇಡಿ.’*